ದೇವರು ಆರಿಸಿಕೊಂಡವನು

ದೋಣಿ ಮಗುಚಿದ ಮೇಲೆ ಇಬ್ಬರಿಗೂ ಸಿಕ್ಕಿದ್ದು ಒಂದು ಖಾಲಿ ಡೀಸೆಲ್ ಕ್ಯಾನು ಮಾತ್ರ. ಬೆಳಿಗ್ಗೆಯಿಂದ ಅದನ್ನೇ ತಬ್ಬಿಕೊಂಡು ತೇಲುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಸಮುದ್ರ. ಕ್ಯಾನು ಬಿರುಕು ಬಿಟ್ಟು, ಒಳಗೆ ಮೆಲ್ಲಗೆ ನೀರು ತುಂಬಿಕೊಳ್ಳುತ್ತಿತ್ತು.

ದೇವದಾಸ ಎಡೆಬಿಡದೆ ಪ್ರಾರ್ಥಿಸುತ್ತಿದ್ದ. ಶೀನ ಅಳುತ್ತಿದ್ದ.

"ನನಗೋಸ್ಕರವೂ ಸ್ವಲ್ಪ ಕೇಳು ಮಾರಾಯ" ಎಂದ ಶೀನ.

"ಕೇಳಿ ಪ್ರಯೋಜನ ಇಲ್ಲ. ದೇವರು ಆರಿಸಿಕೊಂಡದ್ದು ನಮ್ಮ ಪ್ರಾರ್ಥನಾ ಸಭೆಯವರನ್ನು ಮಾತ್ರ. ಎಷ್ಟು ವರ್ಷದಿಂದ ಕರೆದೆ, ನೀನು ಬರಲಿಲ್ಲ."

"ಸಾಯುವಾಗಲೂ ಅದೇ ಮಾತಾ? ನನ್ನಮ್ಮ ದಿನಾ ಸಂಜೆ ದೀಪ ಇಟ್ಟು ಕೈ ಮುಗಿಯುವುದು ನಿನ್ನ ದೇವರಿಗೆ ಕಾಣುವುದಿಲ್ವಾ?"

"ನಾನೆಂತ ಮಾಡಲಿ ಶೀನ? ಗ್ರಂಥದಲ್ಲಿ ಹಾಗೆ ಉಂಟು. ನಾನು ಸತ್ತರೆ ಸೀದಾ ಅವನ ಹತ್ತಿರ ಹೋಗ್ತೇನೆ. ನಿನಗೆ ಅಲ್ಲಿ ಜಾಗ ಇಲ್ಲ."

ಕೊನೆಗಾಲಕ್ಕೆ ಇಂಥವನ ಜೊತೆ ಸಿಕ್ಕಿಬಿದ್ದೆನಲ್ಲ ಎಂದು ಶೀನ ಸಿಟ್ಟಿನಿಂದ ಮುಖ ತಿರುಗಿಸಿಕೊಂಡ.

ದೊಡ್ಡದೊಂದು ಅಲೆ ಬಡಿಯಿತು. ಕ್ಯಾನು ಪೂರ್ತಿ ಮುಳುಗಿ, ಕಷ್ಟಪಟ್ಟು ಮೇಲೆದ್ದಿತು. ಇಬ್ಬರೂ ಉಪ್ಪುನೀರು ಕುಡಿದು ಕೆಮ್ಮಿದರು.

"ಇದು ಇನ್ನು ಇಬ್ಬರನ್ನು ತಾಳುವುದಿಲ್ಲ" ಎಂದ ದೇವದಾಸ.

ಅವನ ಕೈ ತನ್ನ ಹೆಗಲ ಮೇಲೆ ಬಿದ್ದದ್ದೇ ಶೀನ ಕಿರುಚಿದ. "ದಮ್ಮಯ್ಯ, ನನ್ನನ್ನು ದೂಡಬೇಡ!"

"ನಿನಗೆ ಇರುವುದು ಇದೊಂದೇ ಲೋಕ ಮಾರಾಯ, ಗಟ್ಟಿ ಹಿಡ್ಕೋ" ಎಂದು ಅವನನ್ನು ಕ್ಯಾನಿನ ಮೇಲಕ್ಕೆ ನೂಕಿ, ದೇವದಾಸ ಎರಡೂ ಕೈ ಬಿಟ್ಟ.