ಮೂರನೆಯ ಅಭಿಪ್ರಾಯ

ಕಾರುಗಳು ಐದು ವರ್ಷಕ್ಕೊಮ್ಮೆ ಮೈ ಬದಲಿಸುತ್ತಿದ್ದ ಕಾಲವದು. ಅದಕ್ಕೆ ಮೂವರ ಅಭಿಪ್ರಾಯ ಕೇಳುತ್ತಿದ್ದರು: ಮೊದಲು ಮಾಲೀಕರದ್ದು, ಆಮೇಲೆ ದಿನಾ ಒರೆಸುವವರದ್ದು, ಕೊನೆಗೆ ಕಾರಿನದ್ದು. ಇಬ್ಬರು ಒಪ್ಪಿದರೆ ಮುಗಿಯಿತು.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪುಟ್ಟಗೌರಮ್ಮ ಕಂಪನಿ ಡೈರೆಕ್ಟರರ ದೊಡ್ಡ ಸೆಡಾನ್ ಒರೆಸುತ್ತಿದ್ದಳು. ಇಡೀ ದಿನದಲ್ಲಿ ಅವಳೊಡನೆ ಮಾತಾಡುತ್ತಿದ್ದುದು ಆ ಕಾರೊಂದೇ.

"ಹೊಸ ಮೈ ಚಿತ್ರ ನೋಡಿದ್ಯಾ, ಗೌರಕ್ಕ? ಹೆಂಗದೆ?"

"ಮೂತಿ ಅಷ್ಟಗಲ ಯಾಕೆ? ನೊಣ ನುಂಗೋಕಾ?"

ಕಾರು ನಕ್ಕಿತು. "ಧೂಳೇ ಕೂರಲ್ವಂತೆ. ಒರೆಸೋ ಕೆಲಸನೇ ಇಲ್ಲ. ಸಾಹೇಬ್ರು ಒಪ್ಪವ್ರೆ. ಇನ್ನು ನಿಂದು."

ಬಟ್ಟೆ ಹಿಡಿದ ಕೈ ಬಾಗಿಲ ಮೇಲೇ ನಿಂತಿತು. ತಾನು ಬೇಡವೆಂದರೆ ತನ್ನ ಮುಖ ನೋಡಿ ಅದೂ ಬೇಡವೆಂದೀತು, ಇನ್ನೈದು ವರ್ಷ ಬೆಳಗ್ಗೆ ಹೀಗೇ ಮಾತು ಸಿಕ್ಕೀತು. ಆದರೆ ಹೊಸದು ತೊಡುವ ಆಸೆ ಯಾರಿಗಿರುವುದಿಲ್ಲ? ತನಗೋಸ್ಕರ ಅದೇಕೆ ಹಳೆಯ ಮೈಯಲ್ಲೇ ಇರಬೇಕು?

"ಚೆನ್ನಾಗದೆ ಅಂತ ಬರ್ಕೊ," ಎಂದಳು.

"ಬರ್ಕೊಂಡೆ. ಇಬ್ಬರದ್ದಾಯ್ತು. ಇನ್ನು ನನ್ನ ಕೇಳಲ್ಲ."

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ, ಅಕ್ಕ. ನೀನೂ ಹಂಗೇ ಅಂತೀಯ ಅಂದ್ಕೊಂಡಿದ್ದೆ."

ಬರೆದದ್ದನ್ನು ಅಳಿಸುವಂತಿರಲಿಲ್ಲ. ಪುಟ್ಟಗೌರಮ್ಮ ಬಕೆಟ್ಟಿನ ನೀರು ಬದಲಿಸಿಕೊಂಡು ಬಂದು, ಒರೆಸಿ ಮುಗಿಸಿದ್ದ ಬಾನೆಟ್ಟನ್ನು ಮತ್ತೆ ಮೊದಲಿಂದ ಒರೆಸತೊಡಗಿದಳು.