ಅಪ್ಪನ ಜರಿ ಶಾಲು

ಇವತ್ತು ಡಚ್ ಊರಾದ ಹೂಫ್‌ಡಾರ್ಪ್‌ನ ನಮ್ಮ ಮನೆಯಲ್ಲಿ ಅಪ್ಪನ ಪಿಟೀಲಿನ ಪೆಟ್ಟಿಗೆ ತೆರೆದೆ. ಕಮಾನಿಗೆ ಉಜ್ಜುವ ರಾಳದ ವಾಸನೆ ಹಾಗೇ ಇತ್ತು, ಮೂಲೆಯಲ್ಲಿ ತುಕ್ಕು ಹಿಡಿದ ಪಿನ್ನೊಂದು ಸಿಕ್ಕಿತು.

ಉಡುಪಿಯಿಂದ ಬಂದ ಅಪ್ಪ ನನ್ನ ಬಾಲ್ಯದಲ್ಲಿ ಈ ದೇಶದ ಟಿ.ವಿ. ಸ್ಟುಡಿಯೋದ ವಾದ್ಯವೃಂದದಲ್ಲಿ ನುಡಿಸುತ್ತಿದ್ದರು. ಕಪ್ಪು-ಬಿಳುಪಿನ ಕಾಲ. ನಮ್ಮ ಬೀದಿಯಲ್ಲಿ ಕನ್ನಡ ಆಡುವವರು ನಾವು ಮೂವರೇ. ಒಂದು ಮಧ್ಯಾಹ್ನದ ನೇರ ಪ್ರಸಾರಕ್ಕೆ ಸ್ಟುಡಿಯೋದವರು ‘ನಿಮ್ಮೂರಿನ ಉಡುಪಿನಲ್ಲಿ ಬನ್ನಿ’ ಎಂದಿದ್ದರಂತೆ. ಅಪ್ಪ ಮದುವೆಯ ಜರಿ ಶಾಲು ಹೊದ್ದು ಹೋದರು.

ನಮ್ಮಲ್ಲಿ ಟಿ.ವಿ. ಇರಲಿಲ್ಲ. ಪಕ್ಕದ ಮನೆಯ ಡಚ್ ಅಜ್ಜಿಯ ಚುಚ್ಚುವ ಉಣ್ಣೆಯ ಸೋಫಾದ ತುದಿಯಲ್ಲಿ ಅಮ್ಮ, ನಾನು ಕುಳಿತೆವು. ಕ್ಯಾಮೆರಾ ಹಾಡುವವಳ ಮುಖ ಬಿಟ್ಟು ಕದಲಲೇ ಇಲ್ಲ.

“ಅಪ್ಪ ಎಲ್ಲಿ?” ಎಂದೆ.

“ಕೇಳು, ಆ ಪಿಟೀಲು ಅವರದ್ದೇ,” ಎಂದಳು ಅಮ್ಮ. ನನಗೆ ಹತ್ತಾರು ಪಿಟೀಲುಗಳು ಕೇಳಿಸುತ್ತಿದ್ದವು.

ಹಾಡು ಮುಗಿಯಿತು. ಅಜ್ಜಿ ಟಿ.ವಿ. ಆರಿಸಿ ಒಂದೊಂದು ಬಿಸ್ಕತ್ತು ಕೊಟ್ಟರು.

ಸಂಜೆ ಅಪ್ಪ ಬಾಗಿಲಲ್ಲೇ ಕೇಳಿದರು: “ನಾನು ಕಂಡೆನಾ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನನ್ನ ಕೈ ಒತ್ತಿ ಹಿಡಿದಳು. “ಚೆಂದ ಕಂಡ್ರಿ. ಶಾಲು ಮಾತ್ರ ಎಡಗಡೆ ಸ್ವಲ್ಪ ಜಾರಿತ್ತು.”

ಅಪ್ಪ ಶಾಲನ್ನು ಮಡಿಸುತ್ತಾ ನಕ್ಕರು. “ಹೌದಾ ಮಾರಾಯ್ತಿ? ಮುಂದಿನ ಸಲ ಪಿನ್ನು ಹಾಕ್ತೇನೆ.”