ಬದ್ರುವಿನ ಪಾಯಿಂಟ್

ಬೋಟಿನಿಂದ ಕಿತ್ತು ತಂದ ಜಿಪಿಎಸ್ ಸೆಟ್ಟನ್ನು ಮೊಯ್ದೀನಬ್ಬ ಮರ್ವಿನ್‌ನ ಮೇಜಿನ ಮೇಲೆ ಕುಕ್ಕಿದ. ಬಂದರಿನ ಆ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಸ್ಕ್ರೂಗಳೆಲ್ಲ ಎಗರಿ ನೆಲಕ್ಕೆ ಬಿದ್ದವು. ಬೀಳಲಿ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಬೀಳದೆ ಇರುತ್ತದೆಯೇ? ತಮ್ಮ ಬದ್ರುದ್ದೀನ್ ಬೋಟಿನಿಂದ ಬಿದ್ದು ಕಡಲಿನ ಪಾಲಾದ ಒಂದು ಜಾಗವಿತ್ತು. ಹುಡುಕುವಾಗ ತಪ್ಪಿಹೋಗಬಾರದೆಂದು ಮೊಯ್ದೀನಬ್ಬ ಆಗಲೇ ಸೆಟ್ಟಿನ ಗುಂಡಿ ಒತ್ತಿ ಗುರುತು ಹಾಕಿದ್ದ. ಹೆಣ ಸಿಗಲಿಲ್ಲ. ಆಮೇಲೆ ಆ ಗುರುತಿಗೆ 'ಬದ್ರು' ಎಂದು ಹೆಸರು ಕೊಟ್ಟ. ಆ ಕಡೆ ಹೋದಾಗಲೆಲ್ಲ ಎಂಜಿನ್ ನಿಲ್ಲಿಸಿ ತಮ್ಮನಿಗಾಗಿ ಫಾತಿಹಾ ಪ್ರಾರ್ಥನೆ ಓದುತ್ತಿದ್ದ, ಬಲೆ ಮಾತ್ರ ಬಿಡುತ್ತಿರಲಿಲ್ಲ. ಇವತ್ತು ನೋಡಿದರೆ ಯಾರ್ಯಾರದೋ ಬೋಟುಗಳು ಅಲ್ಲೇ ಸುತ್ತು ಹೊಡೆಯುತ್ತ ಬಲೆ ಎಳೆಯುತ್ತಿದ್ದವು. ಕೂಗಿ ಕೇಳಿದರೆ, ನಿಮ್ಮದೇ ಪಾಯಿಂಟಲ್ಲವೇ ಕಾಕಾ, ಮರ್ವಿನ್ ಹಾಕಿಕೊಟ್ಟದ್ದು, ಒಳ್ಳೆ ಮೀನುಂಟು ಎಂದು ಕೈ ಬೀಸಿದರು.

ಮರ್ವಿನ್ ಮೊದಲು ನಕ್ಕ. ಸಾಫ್ಟ್‌ವೇರ್ ಹೊಸದು ಮಾಡಿಸಲು ಬಂದ ಸೆಟ್ಟುಗಳಲ್ಲಿ ಗುರುತು ಹಾಕಿದ್ದ ಪಾಯಿಂಟುಗಳನ್ನೆಲ್ಲ ಒಟ್ಟು ಸೇರಿಸಿ ಒಂದೇ ನಕ್ಷೆ ಮಾಡಿ ಎಲ್ಲ ಬೋಟಿಗೂ ಹಾಕಿಕೊಟ್ಟಿದ್ದೇನೆ, ಎಲ್ಲರಿಗೂ ಉಪಕಾರವಾಯಿತಲ್ಲ ಎಂದ. ಅಂಥ ಉಪಕಾರ ಮಾಡುವ ಮೊದಲು ಒಂದು ಮಾತು ಕೇಳಬೇಕೆಂದು ಈ ಮಹಾಶಯನಿಗೆ ಹೊಳೆದಿರಲಿಲ್ಲ. ಬದ್ರು ಯಾರೆಂದು ತಿಳಿದ ಮೇಲೆ ಅವನ ನಗು ಇಂಗಿತು.

"ಸ್ಯಾಟಲೈಟ್ ಜಾಗ ಎಲ್ಲಿ ಅಂತ ಮಾತ್ರ ತಿಳಿಸ್ತದೆ ಕಾಕಾ. ಅಲ್ಲಿ ಎಂತ ಉಂಟು ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮ ಸೆಟ್ಟಲ್ಲಿ ಮೀನಿನ ಗುರುತು ಇತ್ತು, ನಾನೂ ಮೀನು ಅಂತಲೇ ತಿಳಿದೆ."

"ಗುಂಡಿ ಒತ್ತಿದರೆ ಅದು ಮೀನನ್ನೇ ಹಾಕ್ತದೆ. ತಮ್ಮ ಮುಳುಗುವಾಗ ನಾನು ಚಿತ್ರ ಆರಿಸ್ತಾ ಕೂರಬೇಕಿತ್ತಾ?"

ಹಾಗಾದರೆ ಅಳಿಸಿಬಿಡುತ್ತೇನೆ ಎಂದು ಮರ್ವಿನ್ ಮೆಲ್ಲಗೆ ಹೇಳಿದ. ಅದಕ್ಕೆ ಮೊಯ್ದೀನಬ್ಬನ ಸಿಟ್ಟು ನೆತ್ತಿಗೇರಿತು. ತಮ್ಮನದೆಂದು ಉಳಿದಿರುವ ಆ ಒಂದು ಗುರುತನ್ನೂ ಅಳಿಸುವುದೇ? ಬೇರೆ ಯಾವ ಯಾವ ಗುರುತು ಉಂಟು, ತೋರಿಸು ಎಂದು ಗದರಿದ. ಮರ್ವಿನ್ ಸೆಟ್ಟಿಗೆ ವಯರ್ ಸಿಕ್ಕಿಸಿ ತೋರಿಸಿದ: ಮೀನು, ಲಂಗರು, ಬಾವುಟ, ಬಲೆ ಹರಿದೀತೆಂದು ಬೋಟಿನವರು ದೂರ ಉಳಿಯುವ ಕಲ್ಲು. ಮನುಷ್ಯನದ್ದು ಇರಲಿಲ್ಲ.

"ಕಲ್ಲು ಹಾಕು."

"ಅಲ್ಲಿ ಕಲ್ಲಿಲ್ಲ ಕಾಕಾ. ಸುಳ್ಳು ಹಾಕಿದರೆ ನಕ್ಷೆ ಕೆಡ್ತದೆ."

"ನಮ್ಮ ಖಬರಸ್ಥಾನದಲ್ಲಿ ಹೂತ ಎಲ್ಲರ ತಲೆಯ ಹತ್ತಿರ ಒಂದೊಂದು ಕಲ್ಲು ಉಂಟು. ನನ್ನ ತಮ್ಮನಿಗೆ ಮಾತ್ರ ಇಲ್ಲ. ಹಾಕು ಅಂದೆ."

ಮರ್ವಿನ್ ಗುಂಡಿ ಒತ್ತಿದ. ಪರದೆಯ ನೀಲಿಯ ನಡುವೆ ಇದ್ದ ಮೀನು ಹೋಗಿ ಪುಟ್ಟ ಕಪ್ಪು ಕಲ್ಲೊಂದು ಬಂತು. ಮೊಯ್ದೀನಬ್ಬ ಸೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತ.

"ಇದನ್ನು ಈಗ ಎಲ್ಲ ಬೋಟಿಗೂ ಹಂಚು."